ಪೊರಕೆ ಮುಟ್ಟದ ದಿನ

ಸಿಂಚನ, ಗಗನ, ಇಬ್ಬರೂ ಕೂತು ಓದಿ. ಗಗನ, ನೀನು ಫೋನು ಕೆಳಗಿಟ್ಟು ಓದು. ಸಿಂಚನ, ಕಾಗುಣಿತದ ತಪ್ಪು ಕಂಡರೆ ಮನಸ್ಸಿನಲ್ಲೇ ತಿದ್ದಿಕೋ, ಕೆಂಪು ಪೆನ್ನು ತೆಗೆಯಬೇಡ. ಉಡಿಗಾಲದ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತ ಅಕ್ಷರ ಇದು. ಈ ವಯಸ್ಸಿನಲ್ಲಿ ಇನ್ನು ದುಂಡಗಾಗುವುದಿಲ್ಲ.

ಹೋದ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಪೊರಕೆಗಾಗಿ ಎಳೆದಾಟ ನಡೆಯಿತಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಸಿಂಚನ, ನೀನು ಚಾಮರಾಜನಗರದ ಹಾಸ್ಟೆಲಿಗೆ ಹೊರಟೆ. ನಿಮ್ಮಪ್ಪ ಬೈಕಿನಲ್ಲಿ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ. ಬೈಕು ಹಂಗಳದ ರಸ್ತೆಯ ತಿರುವು ದಾಟಿತೋ ಇಲ್ಲವೋ, ನಿಮ್ಮಮ್ಮ ಪೊರಕೆ ಹಿಡಿದಳು. ಅವಳದೇನೂ ತಪ್ಪಿಲ್ಲ. ನೀನು ಬ್ಯಾಗು ತುಂಬಿದ ಜಾಗ ಕಡಲೆಕಾಯಿ ಸಿಪ್ಪೆ, ಹರಿದ ಕಾಗದ, ಕೂದಲಿನಿಂದ ತುಂಬಿತ್ತು. ನಾನು ಓಡಿಬಂದು ಪೊರಕೆ ಕಿತ್ತುಕೊಂಡೆ. ಓಡಿಬಂದೆ ಅನ್ನುವುದು ನನ್ನ ಮಾತು, ಗಗನ ಬೇರೆಯೇ ಹೇಳುತ್ತಾನೆ.

"ಬುಡವ್ವ, ಬಸ್ಸು ತೆರಕಣಾಂಬಿ ದಾಟ್ಲಿ" ಅಂದೆ.

ಗಗನ ಫೋನು ಎತ್ತಿ ತೋರಿಸಿದ. "ಅಜ್ಜಿ, ಅಕ್ಕ ಎಲ್ಲವ್ಳೆ ಅಂತ ಇದ್ರಲ್ಲೇ ಕಾಣ್ತದ. ತೆರಕಣಾಂಬಿ ದಾಟುತ್ಲೂ ನಾನೇ ವಿಸಲ್ ಊದ್ತೀನಿ, ಆಗ ಗುಡಿಸ್ಬುಡಿ."

"ಆಡ್ಕಬೇಡ ಕಣ್ಲಾ," ಅಂದಳು ನಿಮ್ಮಮ್ಮ. "ಇದೇ ಪೊರಕೆ ಕತೆ ಮೀಟಿಂಗ್‌ನಲ್ಲಿ ಹೇಳಿ ನಿಮ್ಮಜ್ಜಿ ತಾಲ್ಲೂಕಿಗೇ ವರ್ಷಕ್ಕೊಂದು ಯೋಧರ ದಿನ ಮಾಡ್ಸವ್ರೆ."

"ಯಾರು, ಅಜ್ಜೀನಾ? ಮೀಟಿಂಗ್‌ನಲ್ಲಿ ಮಾತಾಡ್ತಾ?" ಅಂದು ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿದೆಯಲ್ಲ ಗಗನ, ಆ ನೋಟಕ್ಕೆ ಉತ್ತರವಾಗಿ ಬರೆಯುತ್ತಿದ್ದೇನೆ. ಅದೆಲ್ಲ ನಡೆದಾಗ ನೀನು ಬೇಸಿಗೆ ರಜಕ್ಕೆ ಮಾವನ ಮನೆಯಲ್ಲಿದ್ದೆ, ನಿಮ್ಮಕ್ಕ ಪರೀಕ್ಷೆಯಲ್ಲಿದ್ದಳು.

ನಿನ್ನ ಅನುಮಾನ ಸರಿಯಾದದ್ದೇ. ನಾನು ಮೊದಲಿನಿಂದಲೂ ಬಾಗಿಲ ಹಿಂದಿನ ಹೆಂಗಸು. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ನಮ್ಮ ಮೈಸೂರು ಸೀಮೆಯ ದೊಡ್ಡ ನದಿ ಯಾವುದು ಅಂತ ನನ್ನನ್ನೇ ಕೇಳಿದ್ದರು. ಕಾವೇರಿ ಅಂತ ನನಗೆ ಗೊತ್ತು. ನನಗೆ ಗೊತ್ತು ಅಂತ ಮೇಷ್ಟ್ರಿಗೂ ಗೊತ್ತು. ಲಂಗದ ಅಂಚು ತಿರುಚುತ್ತಾ ನಿಂತೇ ಇದ್ದೆ. ಕೊನೆಗೆ ಮೇಷ್ಟ್ರು, "ಹುಡುಗಿಗೆ ಬರ್ತದೆ ಸಾರ್, ಬಾಯಿ ಮಾತ್ರ ಮನೇಲಿ ಬುಟ್ಟು ಬಂದವ್ಳೆ" ಅಂದರು. ಮದುವೆಗೆ ನೋಡಲು ಬಂದಾಗಲೂ ಅಷ್ಟೆ. ನಿಮ್ಮ ತಾತ ಹೊರಗೆ ಹೋಗಿ ಅವರ ಅವ್ವನನ್ನು ಮೆಲ್ಲಗೆ ಕೇಳಿದರಂತೆ, "ಹುಡುಗಿ ಮೂಗಿ ಏನವ್ವ?" ನಮ್ಮತ್ತೆ, "ಆದ್ರ ಒಳ್ಳೇದೇ ಆಯ್ತು ಬುಡು. ನಮ್ಮನೇಲಿ ಮಾತಾಡಕ್ಕ ನಾನೊಬ್ಳು ಸಾಕು" ಅಂದರಂತೆ. ಹಾಗೆ ನನ್ನ ಮದುವೆಯಾಯಿತು.

ಆ ಅತ್ತೆಯನ್ನು ನೀವು ನೋಡಿಲ್ಲ. ಕುಳ್ಳಗೆ, ವಿಭೂತಿ ಧರಿಸಿ, ಕೈಯಲ್ಲೊಂದು ಕೋಲು ಹಿಡಿದು, ಇಡೀ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದರು. ಅವರಿಗೆ ಪೊರಕೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅಂಗಳಕ್ಕೆ ತೆಂಗಿನ ಗರಿಯ ಕಡ್ಡಿ ಪೊರಕೆ, ಮನೆಯೊಳಕ್ಕೆ ಕಾಡಂಚಿನಿಂದ ತಂದ ಹಂಚಿಕಡ್ಡಿ ಪೊರಕೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಆ ದಿನ ನನಗೆ ಪುರಾಣ. ದೀಪ ಹಚ್ಚಿದ ಮೇಲೆ ಗುಡಿಸಬಾರದು, ಊರಿಗೆ ಹೊರಟವರ ಬೆನ್ನಿಗೇ ಗುಡಿಸಬಾರದು. ಇಷ್ಟನ್ನು ನಮ್ಮ ಉಡಿಗಾಲದಲ್ಲೂ ಪಾಲಿಸುತ್ತಿದ್ದರು. ಗುಡಿಸಿದರೆ ಹೋದವರ ಹೆಜ್ಜೆ ಅಳಿಸಿಹೋಗಿ, ಮತ್ತೆ ಬರಲು ದಾರಿ ತಪ್ಪುತ್ತದೆ ಅನ್ನುತ್ತಿದ್ದರು.

ಆದರೆ ನಮ್ಮತ್ತೆಯ ಮಗ, ಅಂದರೆ ನಿಮ್ಮ ತಾತ, ಮಿಲಿಟರಿಗೆ ಸೇರಿದ್ದರಲ್ಲ, ಅತ್ತೆಯ ಕಾನೂನು ಇನ್ನೂ ಮುಂದಕ್ಕೆ ಹೋಗಿತ್ತು. ನಿಮ್ಮ ತಾತ ರಜೆ ಮುಗಿಸಿ ಹೊರಟ ಮೇಲೆ, ಅವರು ಟ್ರಂಕು ಇಟ್ಟುಕೊಂಡು ಕೂರುತ್ತಿದ್ದ ನಡುಮನೆಯ ಮೂಲೆಯನ್ನು ಕಾಗದ ಬರುವ ತನಕ ಯಾರೂ ಗುಡಿಸಕೂಡದು. "ಕ್ಷೇಮವಾಗಿ ತಲುಪಿದ್ದೇನೆ" ಅನ್ನುವ ಒಂದೇ ಸಾಲಿನ ಕಾಗದ. ಅದು ಬರುವಷ್ಟರಲ್ಲಿ ಮೂಲೆಯಲ್ಲಿ ಬೀಡಿ ತುಂಡು, ಸಿಪ್ಪೆ, ಗಡ್ಡ ಹೆರೆದ ಕೂದಲು, ಅದರ ಮೇಲೆ ನಮ್ಮೂರ ಕೆಂಪು ಧೂಳು ಎಲ್ಲ ಸೇರಿರುತ್ತಿತ್ತು. ನಮ್ಮ ಮನೆಗೆ ಬಂದವರು ಮೊದಲು ಮೂಲೆ ನೋಡುವುದು, ಆಮೇಲೆ "ಇನ್ನೂ ಬಂದಿಲ್ವಾ?" ಅನ್ನುವುದು. ಪೋಸ್ಟ್‌ಮ್ಯಾನಿಗೂ ಇದು ಗೊತ್ತು. ಎಲ್ಲರ ಮನೆಯ ಮುಂದೆ "ಕಾಗದ" ಅಂತ ಕೂಗುವವನು, ನಮ್ಮ ಮನೆಗೆ ಮಾತ್ರ ಬೀದಿಯ ಆ ತುದಿಯಿಂದಲೇ, "ಗುಡಿಸ್ಕಳ್ರವ್ವೋ!" ಅಂತ ಕೂಗುತ್ತಿದ್ದ. ಆ ಕೂಗಿಗೆ ನಾನು ಒಲೆ ಮೇಲಿನ ಹಾಲನ್ನೂ ಮರೆತು ಹೊರಗೆ ಬಂದದ್ದಿದೆ. ಹಾಲು ಉಕ್ಕಿದ್ದಕ್ಕೆ ನಮ್ಮತ್ತೆ ಆ ದಿನ ಮಾತ್ರ ಬೈಯುತ್ತಿರಲಿಲ್ಲ.

ನಿಮ್ಮ ತಾತ ಬಂದೂಕು ಹಿಡಿದು ಗುಡ್ಡ ಹತ್ತಿದವರು ಅಂತ ನೀವು ಚಿಕ್ಕವರಿದ್ದಾಗ ಗೆಳೆಯರ ಮುಂದೆ ಹೇಳಿಕೊಂಡಿದ್ದಿರಿ. ಗುಡ್ಡ ಹತ್ತಿದ್ದು ನಿಜ, ಹೇಸರಗತ್ತೆಯ ಹಗ್ಗ ಹಿಡಿದುಕೊಂಡು ಹತ್ತಿದರು. ರಸ್ತೆ ಮುಗಿಯುವ ಕಡೆಯಿಂದ ಮೇಲಿನ ಜವಾನರಿಗೆ ನೀರು, ಸೀಮೆಎಣ್ಣೆ, ಹಿಟ್ಟು ಹೊರಿಸಿಕೊಂಡು ಹೋಗುವ ಕೆಲಸ ಅವರದು. ಇದು ತಿಳಿದ ದಿನ ನಮ್ಮತ್ತೆ ಜಗಲಿಯಲ್ಲಿ ಕೂತು ಗೋಳಾಡಿದರು. "ಮಗ ದೇಶ ಕಾಯ್ತಾನ ಅಂತ ಊರ್ಗೆಲ್ಲ ಸಾರ್ಕಂಡು ಬಂದೆ. ನೋಡುದ್ರ ಕತ್ತೆ ಕಾಯ್ತಾವ್ನೆ!"

"ಕತ್ತೆ ಅಲ್ಲ ಕಣವ್ವ, ಹೇಸರಗತ್ತೆ," ಅಂದರು ತಾತ. "ಅದು ನೀರು ಹೊತ್ಕಂಡು ಮ್ಯಾಲಕ್ಕ ಹತ್ನಿಲ್ಲ ಅಂದ್ರ ದೇಶ ಕಾಯವ್ರ ಗಂಟಲು ಒಣಗೋಯ್ತದ."

ರಜದಲ್ಲಿ ಬಂದಾಗ ಅವರ ಬಾಯಲ್ಲಿ ಬರೀ ರಾಣಿಯದೇ ಮಾತು. ರಾಣಿ ಅಂದರೆ ಅವರ ಹೇಸರಗತ್ತೆ. ಹಿಮದಲ್ಲಿ ಯಾವ ಕಲ್ಲು ಗಟ್ಟಿ, ಯಾವುದು ಜಾರುತ್ತದೆ ಅಂತ ಕಾಲಿಟ್ಟೇ ತಿಳಿಯುತ್ತದಂತೆ. ಬೆಲ್ಲ ಅಂದರೆ ಪ್ರಾಣವಂತೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು. ನಮ್ಮ ಎತ್ತುಗಳಿಗೆ ಅವರು ಹಿಂದಿಯಲ್ಲಿ ಬೈಯುವುದು, ಎತ್ತುಗಳು ಏನೂ ತಿಳಿಯದೆ ನಿಂತು ನನ್ನ ಮುಖ ನೋಡುವುದು, ಇದೆಲ್ಲ ಪ್ರತಿ ರಜದಲ್ಲೂ ಇದ್ದದ್ದೇ.

ಈಗ ಕಾರ್ಗಿಲ್ ಯುದ್ಧದ ವರ್ಷಕ್ಕೆ ಬರುತ್ತೇನೆ. ನಿಮ್ಮ ಪಾಠದಲ್ಲಿದೆ, ಅದನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅದು ಮಾವಿನ ಹಣ್ಣಿನ ಜೊತೆಗೆ ಬಂತು. ತಾತ ರಜಕ್ಕೆ ಬಂದು ಹಣ್ಣಿನ ಬುಟ್ಟಿ ಇಳಿಸಿದ್ದರಷ್ಟೆ, ಕೂಡಲೇ ಹಿಂತಿರುಗಬೇಕು ಅಂತ ತಂತಿ ಬಂತು. ತಾಲ್ಲೂಕಿನಲ್ಲಿ ರಜಕ್ಕೆ ಬಂದಿದ್ದ ಇನ್ನೂ ಕೆಲವರಿಗೂ ಹಾಗೇ ಬಂದಿತ್ತು. ಎಲ್ಲರೂ ಗುಂಡ್ಲುಪೇಟೆಯಿಂದ ಒಂದೇ ಮೈಸೂರು ಬಸ್ಸಿಗೆ ಹೊರಟರು. ಅದುವರೆಗೆ ಹೊಸ್ತಿಲಲ್ಲೇ ನಿಂತು ಕಳಿಸುತ್ತಿದ್ದ ನಾನು, ಆ ಸಲ ನಿಮ್ಮಪ್ಪನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ನಮ್ಮತ್ತೆಯೇ "ಓಗು" ಅಂದರು, ಅವರು ಹಾಗೆ ಅಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ಬಸ್ಸಿನ ಮೇಲೆ ಕಪ್ಪು ಟ್ರಂಕುಗಳನ್ನು ಏರಿಸುತ್ತಿದ್ದರು. ನನ್ನ ಪಕ್ಕದಲ್ಲಿ ಸೊಂಟದ ಮೇಲೆ ಮಗು ಹೊತ್ತ ಒಬ್ಬ ಹೆಂಗಸು, ಕಪ್ಪು ಬುರ್ಕಾ ಹಾಕಿದವಳು, ಮೇಲೆ ನೋಡುತ್ತಾ ನಿಂತಿದ್ದಳು. ಅವಳ ಗಂಡನ ತೋಳಿಗೆ ಮನೆಯ ಹಿರಿಯರು ಹಸಿರು ಬಟ್ಟೆಯಲ್ಲಿ ಕಾಸು ಸುತ್ತಿ ಕಟ್ಟಿದ್ದರು. ಪ್ರಯಾಣ ಹೊರಟವರಿಗೆ ಅವರಲ್ಲಿ ಹಾಗೆ ಕಟ್ಟುತ್ತಾರೆ. ಅವಳೇ ನನ್ನನ್ನು ಮಾತಾಡಿಸಿದಳು.

"ನಿಮ್ಮೋರೂ ಹೋಗ್ತಾ ಇದಾರಾ ಅಕ್ಕ? ನಮ್ಮೋರು ಡ್ರೈವರ್ರು."

ನಾನು ಗಾಬರಿಯಲ್ಲಿ, "ನಮ್ಮೋರು ಹೇಸರಗತ್ತೆ" ಅಂದುಬಿಟ್ಟೆ.

ಅವಳು ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು. ನಕ್ಕದ್ದಕ್ಕೆ ಆ ನೀರು ಕೆಳಗಿಳಿಯಿತು. ಅವಳೇ ಜುಬೇದಾ, ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುವವರ ಮನೆಯ ಸೊಸೆ. ಗಂಡನ ಹೆಸರು ಅನ್ವರ್. ಬಸ್ಸು ಹೊರಟು ಕಣ್ಮರೆಯಾದ ಮೇಲೆ ನನಗೆ ಹೇಳಲು ತೋಚಿದ್ದು ಒಂದೇ ಮಾತು. "ಮನೆಗ ಓಗಿ ಗುಡಿಸ್ಬೇಡಿ."

"ಗೊತ್ತು ಅಕ್ಕ. ನಮ್ಮಲ್ಲೂ ಆ ದಿನ ಝಾಡು ಮುಟ್ಟಲ್ಲ."

"ಆ ದಿನ ಮಾತ್ರ ಅಲ್ಲ. ಕಾಗದ ಬರಗಂಟ."

"ಕಾಗದ ಬರೋವರೆಗಾ? ಯಾ ಅಲ್ಲಾ, ನಮ್ಮ ಮನೇಲಿ ಹತ್ತಿ ಹಿಂಜ್ತಾರೆ ಅಕ್ಕ!"

ಆದರೂ ಅವಳು ಗುಡಿಸಲಿಲ್ಲ. ಆ ಬೇಸಿಗೆಯಲ್ಲಿ ಸಂತೆಗೆ ಹೋದಾಗಲೆಲ್ಲ ಅವಳ ಮನೆಗೆ ಇಣುಕಿ ಬರುತ್ತಿದ್ದೆ. ಅನ್ವರ್ ಕೂತು ಬೂಟು ಕಟ್ಟಿಕೊಂಡಿದ್ದ ಮೂಲೆಯಲ್ಲಿ ಹತ್ತಿಯ ಎಳೆಗಳು ಬಂದು ಬಂದು ಕೂತು, ಪಾದ ಮುಚ್ಚುವಷ್ಟು ಮೆತ್ತಗಾಗಿತ್ತು. ಅವಳ ಮಾವ ಗೊಣಗುತ್ತಿದ್ದರು, ಆದರೆ ಆ ಕಡೆಗೆ ಕಾಲಿಡುತ್ತಿರಲಿಲ್ಲ. "ಅವರು ಅಲ್ಲಿ ಬರ್ಫ್‌ನಲ್ಲಿ ಇದಾರೆ, ನಾನು ಇಲ್ಲಿ ಹತ್ತೀಲಿ ಇದೀನಿ" ಅಂದಳು ಒಮ್ಮೆ.

ನಮ್ಮ ಮೂಲೆಯ ಕತೆಯೂ ಬೇರೆಯಲ್ಲ. ಟ್ರಂಕು ಇದ್ದ ಜಾಗ ಮೊದಲು ಚೌಕವಾಗಿ ಚೊಕ್ಕವಾಗಿತ್ತು, ಬರಬರುತ್ತಾ ಅದೂ ಮುಚ್ಚಿಹೋಯಿತು. ನಮ್ಮತ್ತೆ ಕೋಲು ಹಿಡಿದು ಕೋಳಿಗಳನ್ನು ಕಾಯುತ್ತಾ ಕೂತಿರುತ್ತಿದ್ದರು. ಒಂದು ಕೋಳಿ ಹೇಗೋ ನುಗ್ಗಿ ಕೆದರಿದ ದಿನ ಅವರು ಅನ್ನ ಮುಟ್ಟಲಿಲ್ಲ, ಆ ಕೋಳಿಯನ್ನೂ ಮನೆಯಲ್ಲಿ ಉಳಿಸಲಿಲ್ಲ. ನಿಮ್ಮಪ್ಪ ಮೂಲೆಯ ಅಂಚಿನಲ್ಲಿ ಕೂತು ಧೂಳಿನ ಮೇಲೆ ಬೆರಳಲ್ಲಿ ಹೇಸರಗತ್ತೆ ಬರೆಯುತ್ತಿದ್ದ. ಅವನು ಬರೆದದ್ದು ನಾಯಿಯ ಹಾಗೆ ಕಾಣುತ್ತಿತ್ತು. ಯಾರೂ ಅಳಿಸಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಬೀದಿಯ ತುದಿಯಿಂದ ಕೂಗು ಬಂತು. "ಗುಡಿಸ್ಕಳ್ರವ್ವೋ!" ಪೋಸ್ಟ್‌ಮ್ಯಾನು ನೆನೆದುಕೊಂಡು, ಸೈಕಲ್ಲು ಬಿಟ್ಟು ಓಡಿಬರುತ್ತಿದ್ದ. ಕಾಗದದಲ್ಲಿ ಅದೇ ಒಂದು ಸಾಲು, ಜೊತೆಗೆ ರಾಣಿ ಇನ್ನಿಲ್ಲ ಅಂತ ಇನ್ನೊಂದು ಸಾಲು. ಪೊರಕೆಯನ್ನು ನಮ್ಮತ್ತೆ ನನಗೆ ಕೊಡಲಿಲ್ಲ. ಬಗ್ಗಲಾರದ ಸೊಂಟದಲ್ಲಿ ತಾವೇ ಗುಡಿಸಿದರು. ಹೊಟ್ಟೆಕಿಚ್ಚುಪಟ್ಟಿದ್ದ ನಾನು ಒಳಗೆ ಹೋಗಿ ರಾಣಿಗಾಗಿ ಒಂದು ಚೂರು ಬೆಲ್ಲ ದೇವರ ಮುಂದಿಟ್ಟೆ.

ಜುಬೇದಳಿಗೆ ಕಾಗದ ಬರಲಿಲ್ಲ. ಆ ಮಳೆಗಾಲದಲ್ಲೇ ಅನ್ವರ್ ಬಾವುಟ ಹೊದ್ದು ಊರಿಗೆ ಬಂದ. ಗುಂಡ್ಲುಪೇಟೆಯ ಅಂಗಡಿಗಳೆಲ್ಲ ಮುಚ್ಚಿದ್ದವು. ಎಲ್ಲ ಜಾತಿಯವರೂ, ಸುತ್ತಲಿನ ಹಳ್ಳಿಯವರೂ ಬಂದು ರಸ್ತೆಯ ಎರಡೂ ಕಡೆ ನಿಂತರು. ನಾನು ಹೆಂಗಸರ ನಡುವೆ ತೂರಿಕೊಂಡು ಅವಳ ಮನೆಯೊಳಗೆ ಹೋದೆ. ದೊಡ್ಡವರು ಬಂದು ಕೂರುವುದಕ್ಕೆ ಜಮಖಾನ ಹಾಸಿ, ಕುರ್ಚಿ ಹಾಕಿದ್ದರು. ಅವಳು ಒಳಗಿನಿಂದ ಬಂದು, ಆ ಮೂಲೆ ನೋಡಿ, ನಿಂತುಬಿಟ್ಟಳು. ಹತ್ತಿಯ ಒಂದು ಎಳೆಯೂ ಇರಲಿಲ್ಲ.

"ಅಕ್ಕ, ಯಾರು ಗುಡಿಸಿದ್ದು?" ಅಂದಳು.

ಆ ದಿನ ಅವಳು ಆಡಿದ ಮಾತು ಅದೊಂದೇ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಗುಡಿಸಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ವರ್ಷಗಳು ಹೋದವು. ತಾತ ನಿವೃತ್ತರಾಗಿ ಬಂದು, ಎತ್ತುಗಳಿಗೆ ಕನ್ನಡದಲ್ಲೇ ಬೈಯಲು ಕಲಿತು, ನಿಮ್ಮಿಬ್ಬರನ್ನೂ ಹೆಗಲ ಮೇಲೆ ಕೂರಿಸಿಕೊಂಡು ಚೆಂಡು ಹೂವಿನ ಹೊಲ ಸುತ್ತಿಸಿ, ಮನೆಯಲ್ಲೇ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಜುಬೇದಾ ಹಾಸಿಗೆ ಅಂಗಡಿ ನಡೆಸಿ ಮಗಳನ್ನು ಓದಿಸಿ ಮದುವೆ ಮಾಡಿದಳು. ನಿಮ್ಮ ಹಾಸಿಗೆಗಳೆಲ್ಲ ಅವಳ ಕೈಯವೇ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಸುಬೇದಾರ್ ನಂಜುಂಡಪ್ಪ ಮನೆಗೆ ಬಂದರು. ಅವರು ನನ್ನ ತವರೂರು ಉಡಿಗಾಲದವರು, ವರಸೆಯಲ್ಲಿ ನನಗೆ ಅಣ್ಣ. ಬಹಳ ಹಿಂದೆಯೇ ಗುಂಡ್ಲುಪೇಟೆಯಲ್ಲಿ ಮನೆ ಮಾಡಿದವರು, ನಿವೃತ್ತರಾದ ಸೈನಿಕರನ್ನೆಲ್ಲ ಒಟ್ಟುಗೂಡಿಸುವ ಕೆಲಸ ಅವರದೇ. ಆ ಬೇಸಿಗೆಯ ಬಸ್ಸಿನಲ್ಲಿ ಅವರೂ ಹೋಗಿದ್ದವರು. ನಾನು ಎಂದಿನಂತೆ ಬಾಗಿಲ ಹಿಂದೆ ನಿಂತು ಕಾಫಿ ಮುಂದೆ ನೂಕಿದೆ.

"ಅಮ್ಮಣ್ಣಿ, ಯುದ್ಧಕ್ಕ ಓಗಿದ್ದವ್ರಿಗ, ಅವ್ರ ಮನೆಯವ್ರಿಗ ಅಂತ ವರ್ಷಕ್ಕೊಂದು ದಿನ ಮಾಡನ ಅಂತ ಇದ್ದೀವಿ. ಸತ್ತವ್ರು, ಬದುಕಿರವ್ರು ಎಲ್ರಿಗೂ ಸೇರಿ. ಯಾವ ದಿನ ಅಂತಾನೂ ನೋಡಿದ್ದೀವಿ. ಅನ್ವರ್ ಊರ್ಗ ಬಂದ ದಿನ. ಇಡೀ ತಾಲ್ಲೂಕು ಒಂದಾಗಿದ್ದ ದಿನ ಅಲ್ವಾ ಅದು? ಜುಬೇದಮ್ಮಂಗೂ ಸಂತೋಷ ಆಯ್ತದ. ಚಾಮರಾಜನಗರದ ನಮ್ಮ ಸೈನಿಕರ ಸಂಘದ ಮೀಟಿಂಗ್‌ನಲ್ಲಿ ಒಪ್ಪಿಗೆ ತಕ್ಕಂಡ್ರ ಮುಗೀತು."

ಒಳ್ಳೆಯ ಯೋಚನೆ ಅಂತಲೇ ನನಗೂ ಅನ್ನಿಸಿತು. ಹಾಸಿಗೆ ಅಂಗಡಿಗೆ ಹೋಗಿ ಜುಬೇದಳ ಮುಖ ನೋಡುವ ತನಕ.

ಅವಳು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿಯೂ ಸೂಜಿ ನಿಲ್ಲಿಸಲಿಲ್ಲ.

"ಆ ದಿನ ನಾನು ಅಂಗಡಿ ತೆಗೆಯಲ್ಲ ಅಕ್ಕ. ಬಾಗಿಲು ಹಾಕಿ ಒಳಗೆ ಇರ್ತೀನಿ. ಮಗಳಿಗೂ ಬರಬೇಡ ಅಂತೀನಿ. ವರ್ಷಕ್ಕೆ ಒಂದು ದಿನ ಅದು, ನಂದು ಅವರದ್ದು. ಇನ್ನು ಮೈಕು, ಕುರ್ಚಿ, ಜಮಖಾನ... ಪ್ರತಿ ವರ್ಷ ಯಾರಾದರೂ ಬಂದು ಗುಡಿಸ್ತಾರಾ?"

"ಬ್ಯಾಡ ಅನ್ನು ಮತ್ತ."

"ಹೆಂಗೆ ಅನ್ಲಿ? ನನ್ನ ಗಂಡಂಗೆ ಮರ್ಯಾದೆ ಕೊಡ್ತಾ ಇದಾರೆ. ಬೇಡ ಅಂದ್ರೆ ಕೊಬ್ಬು ಅಂತಾರೆ." ಆಮೇಲೆ ದಾರ ಕಚ್ಚಿ ತುಂಡು ಮಾಡಿ, "ನೀವು ಹೇಳಿ ಅಕ್ಕ" ಅಂದಳು.

ನಾನು! ಕಾವೇರಿ ಅಂತ ಹೇಳಲಾರದವಳು! ಆದರೆ ಹೊರಡುವ ಹೊತ್ತಿಗೆ "ಹೇಳ್ತೀನಿ ಬುಡು" ಅಂದಿದ್ದೆ. ಮನೆಗೆ ಬರುವ ಬಸ್ಸಿನಲ್ಲಿ, ಆ ಮಾತನ್ನು ಆಡಿದ್ದು ಯಾರು ಅಂತ ನನಗೇ ಆಶ್ಚರ್ಯ.

ಮೀಟಿಂಗಿನ ದಿನ ಇಬ್ಬರೂ ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಒಂದು ಭಾಷಣ ಬಾಯಿಪಾಠ ಮಾಡುತ್ತಿದ್ದೆ. "ಮಾನ್ಯರೇ" ಅಂತ ಶುರುವಾಗುತ್ತಿತ್ತು. ತೆರಕಣಾಂಬಿ ದಾಟಿದರೂ ನಾನಿನ್ನೂ ಮಾನ್ಯರ ಹತ್ತಿರವೇ ಇದ್ದೆ. ಜುಬೇದಾ ಕೇಳಿ ಕೇಳಿ ಬೇಸತ್ತು ನಿದ್ದೆಹೋದಳು. ನನ್ನ ಹೆಗಲಿಗೆ ಅವಳ ತಲೆ ತಾಗುತ್ತಿತ್ತು.

ಸಮುದಾಯ ಭವನದಲ್ಲಿ ಮುಂದಿನ ಸಾಲುಗಳಲ್ಲಿ ನಿವೃತ್ತ ಸೈನಿಕರು, ಹಿಂದೆ ಹೆಂಗಸರು. ನಂಜುಂಡಪ್ಪ ಎದ್ದು ನಿಂತು ದಿನದ ವಿಷಯ ಹೇಳಿದರು. ಗಂಡಸರು ತಲೆದೂಗಿದರು. "ಎಲ್ರಿಗೂ ಒಪ್ಗೆ ತಾನೆ? ಯಾರ್ದಾದ್ರೂ ತಕರಾರು?" ಅಂದರು. ಜುಬೇದಾ ನೆಲ ನೋಡುತ್ತಾ ಕೂತಿದ್ದಳು. ಅವಳ ಬೆರಳು ಬುರ್ಕಾದ ಅಂಚನ್ನು ತಿರುಚುತ್ತಿತ್ತು. ಉಡಿಗಾಲದ ಶಾಲೆಯಲ್ಲಿ ನನ್ನ ಬೆರಳು ಹೇಗೆ ತಿರುಚುತ್ತಿತ್ತೋ ಹಾಗೇ. ನಾನು ಎದ್ದು ನಿಂತೆ.

ಮಾನ್ಯರೇ ಮರೆತುಹೋದರು. "ಅಣ್ಣ" ಅಂದೆ. ಅದೂ ಯಾರಿಗೂ ಕೇಳಿಸಲಿಲ್ಲ. ನಂಜುಂಡಪ್ಪ ಕಿವಿಗೆ ಕೈ ಇಟ್ಟು, "ಜೋರಾಗ್ ಹೇಳಮ್ಮಣ್ಣಿ, ಇದು ಪರೇಡು ಅನ್ಕೋ" ಅಂದರು. ಎಲ್ಲರೂ ನಕ್ಕರು. ಆ ನಗುವಿನ ಮರೆಯಲ್ಲಿ ನನಗೆ ಬಾಯಿ ಬಂತು.

"ಅಣ್ಣ, ಆ ದಿನ ಬ್ಯಾಡ. ಅದು ಜುಬೇದಳ ಸ್ವಂತದ ದಿನ. ಅದನ್ನ ಅವಳಿಗೇ ಬುಟ್ಬುಡಿ."

 ಮುಂದಿನಿಂದ ಒಬ್ಬರು, "ಹಂಗಾದ್ರ ಯಾವ ದಿನ ಮಾಡದು? ಗೆದ್ದ ದಿನಾನ ಊರೂರಲ್ಲೂ ಮಾಡ್ತಾರ" ಅಂದರು.

ಅದಕ್ಕೆ ಉತ್ತರ ನಾನು ಮೊದಲೇ ಯೋಚಿಸಿರಲಿಲ್ಲ. ನಂಜುಂಡಪ್ಪನವರನ್ನು ನೋಡಿದಾಗ ಆ ಬಸ್ಸು ಕಣ್ಣಿಗೆ ಬಂತು. ಅದರ ಕಿಟಕಿಯಲ್ಲಿ ಕಂಡ ಮುಖ ಅಲ್ಲವೇ ಇದು? "ನೀವೆಲ್ಲ ಒಂದೇ ಬಸ್ಸಲ್ಲಿ ಹೊರಟ್ರಲ್ಲ ಅಣ್ಣ, ಆ ದಿನ ಮಾಡಿ. ನೀವು ಹೊರಟ ದಿನ, ನಾವು ಉಳ್ಕಂಡ ದಿನ. ಅದು ಎಲ್ಲ ಮನೇಗೂ ಒಂದೇ. ನೀವು ಹೋದ್ಮೇಲ ಮನೇಲಿ ಏನಾಯ್ತು ಅಂತ ಅತ್ತಿಗೇನ ಯಾವತ್ತಾರ ಕೇಳಿದ್ದೀರಾ?"

"ಏನಾಯ್ತು?" ಅಂದರು ನಂಜುಂಡಪ್ಪ, ನಿಜವಾಗಿಯೂ ತಿಳಿಯದೆ.

ಹಿಂದಿನ ಸಾಲಿನಿಂದ ಅವರ ಹೆಂಡತಿಯ ದನಿ ಬಂತು. "ಆಗದೇನು? ಗುಡಿಸ್ನಿಲ್ಲ. ನೀವು ತಿಂದು ಉಗುಳಿದ್ದ ಮಾವಿನ ವಾಟೆ ನಿಮ್ಮ ಕಾಗದ ಬರಗಂಟ ಕಿಟಕಿ ಮ್ಯಾಲೇ ಇತ್ತು."

"ನಾನು ಮೂರ್ ದಿನ ಬುಟ್ಟಿದ್ದೆ," ಅಂದಳು ಇನ್ನೊಬ್ಬಳು. "ನಮ್ಮತ್ತೆ ಹೊಸ್ತಿಲು ಸಾರಿಸಕ್ಕೂ ಬುಡ್ನಿಲ್ಲ" ಅಂದಳು ಮತ್ತೊಬ್ಬಳು. ಭವನದ ತುಂಬ ಹೆಂಗಸರ ದನಿ ಎದ್ದಿತು. ಮುಂದಿನ ಸಾಲಿನ ಗಂಡಸರು ಕತ್ತು ತಿರುಗಿಸಿ ಕೂತುಬಿಟ್ಟಿದ್ದರು. ನನಗೂ ಆಗಲೇ ತಿಳಿದದ್ದು ಮಕ್ಕಳೇ, ಹೋದವರಿಗೆ ಇದು ಗೊತ್ತೇ ಇರಲಿಲ್ಲ. ಅವರು ಯಾವಾಗ ಬಂದರೂ ನೋಡಿದ್ದು ಗುಡಿಸಿದ ಮನೆಯನ್ನೇ. ನಿಮ್ಮ ತಾತನಿಗೂ ನಾನು ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅನ್ನಿಸಿರಲೇ ಇಲ್ಲ.

ನಂಜುಂಡಪ್ಪ ಮೈಕು ಹತ್ತಿರಕ್ಕೆ ಎಳೆದುಕೊಂಡರು. "ಹೊರಟಿದ್ದು ಯಾವ ತಾರೀಕು? ನಂಗೇ ಮರ್ತೋಗದ."

ಜುಬೇದಾ ತಲೆಯೆತ್ತಿ ತಾರೀಕು ಹೇಳಿದಳು. ವಾರವನ್ನೂ ಹೇಳಿದಳು. ಹಿಂದಿನ ಸಾಲಿನವರೆಲ್ಲ "ಹೂಂ, ಅದೇ" ಅಂದರು.

ಹಾಗೆ ದಿನ ನಿಗದಿಯಾಯಿತು. ಬ್ಯಾನರಿನಲ್ಲಿ ಮೊದಲು ವೀರಯೋಧರ ದಿನ ಅಂತ ಬರೆಸುವವರಿದ್ದರು. ಕೊನೆಗೆ ಯೋಧರ ಮತ್ತು ಮನೆಯವರ ದಿನ ಅಂತಾಯಿತು. ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ಮೊದಲ ಸಲ ನಡೆಯಿತು. ನನಗೂ ಶಾಲು ಹೊದಿಸಿದರು. ಹೊದಿಸುವಾಗ ಕಣ್ಣು ಮುಚ್ಚಿಕೊಂಡದ್ದರಿಂದ ಫೋಟೋದಲ್ಲಿ ನಿದ್ದೆ ಮಾಡುವವಳ ಹಾಗೆ ಬಂದಿದ್ದೇನೆ. ನ್ಯಾಯವಾಗಿ ರಾಣಿಗೂ ಒಂದು ಶಾಲು ಸಲ್ಲಬೇಕಿತ್ತು. ಜುಬೇದಾ ಸ್ಟೇಜ್ ಹತ್ತಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಅನ್ವರನ ಫೋಟೋದ ಪಕ್ಕದಲ್ಲೇ ನಿಮ್ಮ ತಾತನ ಫೋಟೋ ಇಟ್ಟಿದ್ದರು. ಊಟಕ್ಕೆ ಪಾಯಸ ಚೆನ್ನಾಗಿತ್ತು, ಸಾರಿಗೆ ಉಪ್ಪು ಕಮ್ಮಿ.

ನಮ್ಮ ಹಂಗಳದ ಕುಮಾರ ಗೊತ್ತಲ್ಲ, ಈಗ ಗಡಿಯಲ್ಲಿರುವವನು? ಅವನ ರಜೆ ಮುಗಿದದ್ದು ಅದೇ ದಿನ. ಊಟ ಮುಗಿಸಿ, ಛತ್ರದಿಂದಲೇ ಬ್ಯಾಗು ಹೆಗಲಿಗೇರಿಸಿ, ಹಿರಿಯರಿಗೆಲ್ಲ ಕೈ ಮುಗಿದು ಮೈಸೂರು ಬಸ್ಸಿಗೆ ಹೋದ. ಅವನ ಅವ್ವ ಬಾಗಿಲವರೆಗೆ ಹೋಗಿ ಬಂದು ಕೂತಳು. ಅಷ್ಟರಲ್ಲಿ ಛತ್ರದ ಕಾವಲುಗಾರ ಉದ್ದನೆಯ ಪೊರಕೆ ಹಿಡಿದು ಬಂದು ಆ ತುದಿಯಿಂದ ಶುರು ಮಾಡಿಯೇ ಬಿಟ್ಟ.

"ತಡಿಯಪ್ಪ!" ಅಂದೆವು. ನಾನೊಬ್ಬಳೇ ಅಲ್ಲ. ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ. ಅವನು ಬೆಚ್ಚಿ ಪೊರಕೆ ಕೆಳಗೆ ಹಾಕಿದ.

"ಆರ್ ಗಂಟೆಗೆ ಬೀಗ ಹಾಕ್ಬೇಕು ಕಣ್ರವ್ವ, ಇನ್ನೊಂದ್ ಕಾರ್ಯಕ್ರಮ ಅದ!"

"ಇರ್ಲಿ ಕಣಯ್ಯ," ಅಂದರು ನಂಜುಂಡಪ್ಪ, ಕುರ್ಚಿ ಎಳೆದು ಕೂರುತ್ತಾ. "ಹುಡುಗ ಹೊರಟವ್ನೆ. ಬಸ್ಸು ಬೇಗೂರು ದಾಟ್ಲಿ."

ಎಲ್ಲರೂ ಕೂತೆವು. ಮುದುಕರಾದ ಸೈನಿಕರು, ಅವರ ಹೆಂಡತಿಯರು, ನನ್ನಂಥವರು. ನೆಲದ ತುಂಬ ಹೂವಿನ ಎಸಳು, ಕಾಗದದ ಲೋಟ, ಎಲೆ ಅಡಿಕೆಯ ತೊಟ್ಟು.  ಗಂಡಸರು ಹಾಗೆ ಕಾಯುತ್ತಾ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೆ ಕೂರಲು ಸರಿಯಾಗಿ ಬರುತ್ತಿರಲಿಲ್ಲ, ಕಾಲು ಬದಲಿಸುತ್ತಿದ್ದರು, ಗಡಿಯಾರ ನೋಡುತ್ತಿದ್ದರು.

ಕುಮಾರನ ಅವ್ವನ ಫೋನು ಹೊಡೆದುಕೊಂಡಿತು. ಯಾರೋ ಅದನ್ನು ಜೋರಾಗಿ ಕೇಳಿಸುವ ಹಾಗೆ ಮಾಡಿಕೊಟ್ಟರು. "ಅವ್ವ, ಬೇಗೂರು ದಾಟ್ತು. ಸೀಟು ಸಿಕ್ಕದ. ಊಟ ಮಾಡ್ಕಂಡಾ?"

ಕಾವಲುಗಾರ ಪೊರಕೆ ಎತ್ತಿಕೊಳ್ಳಲು ಬಗ್ಗಿದ. ಆದರೆ ಜುಬೇದಾ ಆಗಲೇ ಎದ್ದು ಅಲ್ಲಿಗೆ ಹೋಗಿದ್ದಳು.

"ಕೊಡಪ್ಪ ಇಲ್ಲಿ," ಅಂದಳು. "ಇವತ್ತು ನಾನು ಗುಡಿಸ್ತೀನಿ."

ಯಾರೂ ಅವಳನ್ನು ತಡೆಯಲಿಲ್ಲ. ನಂಜುಂಡಪ್ಪ ಎದ್ದು ಅವಳ ದಾರಿಯಲ್ಲಿದ್ದ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಅವಳು ಬುರ್ಕಾದ ತೋಳು ಮಡಿಸಿ, ಬಾಗಿಲಿನ ಹತ್ತಿರದಿಂದ ಶುರು ಮಾಡಿ, ಅವಸರವಿಲ್ಲದೆ, ಮೂಲೆ ಮೂಲೆಯನ್ನೂ ಬಿಡದೆ, ಇಡೀ ಛತ್ರ ಗುಡಿಸಿದಳು.

ಇಷ್ಟೇ ನಾನು ಹೇಳಬೇಕೆಂದದ್ದು. ಸಿಂಚನ, ಗಗನ, ಈ ಹಾಳೆಗಳನ್ನು ತಾತನ ಕಪ್ಪು ಟ್ರಂಕಿನಲ್ಲಿ, ಅವರ ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಳ್ಳಿ. ನಿಮ್ಮಲ್ಲಿ ಯಾರಾದರೂ ದೂರಕ್ಕೆ ಹೊರಟ ದಿನ, ಮನೆಯಲ್ಲಿ ಉಳಿದವರು ತೆಗೆದು ಓದಲಿ. ಓದಿ ಮುಗಿಸುವಷ್ಟರಲ್ಲಿ ಬಸ್ಸು ಬೇಗೂರು ದಾಟಿರುತ್ತದೆ. ನನ್ನ ಅಕ್ಷರ ನೋಡಿ ಯಾರೂ ಕಸವೆಂದು ಗುಡಿಸಿಹಾಕದ ಹಾಗೆ ಮಾತ್ರ ಜೋಪಾನ.